ದೆವ್ವಗಳ ಬಾಕಿ ಲೆಕ್ಕ

ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೋದಲ್ಲಿ ಒಂದು ವಿಚಿತ್ರ ನೌಕರಿ ಇದೆ. ಕತ್ತಲಾದ ಮೇಲೆ ಕಲ್ಲುಗಲ್ಲಿಯೊಂದರ ಮೂಲೆಯಲ್ಲಿ ವೇಷ ಹಾಕಿಕೊಂಡು ಅವಿತು ನಿಲ್ಲಬೇಕು. ಗೈಡಿನ ಬೆನ್ನಿಗೆ ಒಂದು ಗುಂಪು ಬರುತ್ತದೆ. ಗೈಡು ದನಿ ತಗ್ಗಿಸಿ ಕಥೆಯನ್ನು ತುದಿಗೆ ತಂದು ನಿಲ್ಲಿಸಿದಾಗ ಇವನು ಒಮ್ಮೆಲೇ ಎದುರಿಗೆ ಜಿಗಿಯಬೇಕು. ಜನ ಕಿಟಾರನೆ ಕಿರುಚಬೇಕು, ಆಮೇಲೆ ನಾಚಿಕೊಂಡು ನಗಬೇಕು. ಈ ಕೆಲಸದವನಿಗೆ ಅಲ್ಲಿನವರು ಇಟ್ಟ ಹೆಸರು ‘ಜಂಪರ್ ಊಟರ್’. ಸ್ಕಾಟರ ಆಡುಮಾತಿನಲ್ಲಿ ‘ಊಟ್’ ಎಂದರೆ ಹೊರಗೆ. ಮರೆಯಿಂದ ಹೊರಗೆ ಜಿಗಿಯುವವನು ಎಂದರ್ಥ. ಕನ್ನಡದ ಕಿವಿಗೆ ಅದರಲ್ಲಿ ಊಟ ಕೇಳಿಸಿದರೂ ತಪ್ಪಿಲ್ಲ. ಅವನ ಹೊಟ್ಟೆಪಾಡೇ ಅದು.

ದೆವ್ವದ ನಡಿಗೆ ಅಲ್ಲಿ ವ್ಯಾಪಾರವಾಗಿ ಬೆಳೆದದ್ದು 1980ರ ದಶಕದಿಂದ ಈಚೆಗೆ. ಮೊದಮೊದಲು ನಡೆಸಿದವರಲ್ಲಿ ಇತಿಹಾಸದ ಮೇಷ್ಟ್ರುಗಳೂ ಇದ್ದರು. ಸೇಂಟ್ ಜೈಲ್ಸ್ ಚರ್ಚಿನ ಪಕ್ಕ ಮರ್ಕಾಟ್ ಕ್ರಾಸ್ ಎಂಬ ಕಲ್ಲುಮಂಟಪವಿದೆ. ಹಿಂದೆ ರಾಜಾಜ್ಞೆಗಳನ್ನು ಡಂಗುರ ಸಾರುತ್ತಿದ್ದ ಜಾಗ. ಈಗ ಸಂಜೆಯಾದರೆ ಆ ಸುತ್ತಮುತ್ತ ಕಪ್ಪು ಮೇಲಂಗಿ ತೊಟ್ಟ ಗೈಡುಗಳು ಜನ ಸೇರಿಸುತ್ತಾರೆ. ಒಂದೂವರೆ ಗಂಟೆ ನಡಿಗೆ, ಮೂರು ನಾಲ್ಕು ಕಡೆ ನಿಲ್ಲುವುದು, ಕೊನೆಗೆ ಒಂದು ನೆಲಮಾಳಿಗೆ ಇಲ್ಲವೆ ಒಂದು ಸ್ಮಶಾನ.

ದೆವ್ವ ಇದೆಯೋ ಇಲ್ಲವೋ ಎಂಬುದು ನನ್ನ ತಕರಾರಲ್ಲ. ಕತ್ತಲಲ್ಲಿ ನಿಂತಾಗ ಎಲ್ಲರಿಗೂ ಇದೆ, ಮನೆಗೆ ಬಂದು ಕಾಫಿ ಕುಡಿಯುವಾಗ ಯಾರಿಗೂ ಇಲ್ಲ. ಆದರೆ ಆ ಊರಿನ ಯಾವ ದೆವ್ವದ ಕಥೆಯನ್ನು ಕೆದಕಿದರೂ ಕೆಳಗೆ ಒಂದು ಲೆಕ್ಕದ ಪುಸ್ತಕ ಸಿಗುತ್ತದೆ. ಯಾರಿಗೋ ಕೊಡಬೇಕಾದ ಸಂಬಳ, ಯಾರೋ ಉಳಿಸಿದ ಖರ್ಚು, ಯಾರೋ ಬರೆದಿಟ್ಟ ಬಿಲ್ಲು. ಗೈಡುಗಳು ದೆವ್ವವನ್ನು ಚೆನ್ನಾಗಿ ತೋರಿಸುತ್ತಾರೆ. ಲೆಕ್ಕದ ಪುಟ ತಿರುವಲು ಅವರಿಗೆ ಹೊತ್ತಿರುವುದಿಲ್ಲ.

ಮೊದಲು ಊರಿನ ಮೈಕಟ್ಟು ತಿಳಿಯಬೇಕು. ಸತ್ತ ಜ್ವಾಲಾಮುಖಿಯ ಬಂಡೆಯ ಮೇಲೆ ಕೋಟೆ. ಅಲ್ಲಿಂದ ಪೂರ್ವಕ್ಕೆ ಇಳಿಜಾರಾಗಿ ಒಂದೇ ದಿಣ್ಣೆ, ದಿಣ್ಣೆಯ ನೆತ್ತಿಯ ಮೇಲೆ ಒಂದೇ ಬೀದಿ, ಬೀದಿಯ ಕೊನೆಗೆ ಹೋಲಿರೂಡ್ ಅರಮನೆ. ಈ ಬೀದಿಗೆ ರಾಯಲ್ ಮೈಲ್ ಎಂದು ಹೆಸರು. ಅದರ ಎರಡೂ ಮಗ್ಗುಲಿಗೆ ಮೀನಿನ ಮುಳ್ಳಿನ ಹಾಗೆ ಕಡಿದಾದ ಸಂದಿಗಳು ಇಳಿಯುತ್ತವೆ. ಅವಕ್ಕೆ ‘ಕ್ಲೋಸ್’ ಎನ್ನುತ್ತಾರೆ. ಉತ್ತರಕ್ಕೆ ನಾರ್ ಲಾಕ್ ಎಂಬ ಕೊಳಕು ಕೆರೆ, ದಕ್ಷಿಣಕ್ಕೆ ಊರಗೋಡೆ. 1513ರಲ್ಲಿ ಫ್ಲಾಡನ್ ಯುದ್ಧದಲ್ಲಿ ಇಂಗ್ಲಿಷರ ಕೈಯಲ್ಲಿ ಸೋತ ಮೇಲೆ ಆ ಗೋಡೆಯನ್ನು ಹೊಸದಾಗಿ ಕಟ್ಟಿದರು. ಊರು ಅಗಲಕ್ಕೆ ಬೆಳೆಯುವಂತಿರಲಿಲ್ಲ, ಎತ್ತರಕ್ಕೆ ಬೆಳೆಯಿತು. ಇಳಿಜಾರಿನ ಕಡೆ ಕೆಲವು ಮನೆಗಳು ಹತ್ತು ಅಂತಸ್ತನ್ನೂ ಮುಟ್ಟಿದವು. ಕಸ, ಮುಸುರೆ, ಮಲಮೂತ್ರ ಎಲ್ಲ ಮೇಲಿನ ಕಿಟಕಿಯಿಂದ ಕೆಳಗಿನ ಸಂದಿಗೆ ಬಂದು ಬೀಳುತ್ತಿತ್ತು, ಅಲ್ಲಿಂದ ಕೆರೆಗೆ ಹರಿಯುತ್ತಿತ್ತು.

1767ರಲ್ಲಿ ಕೆರೆಯ ಆಚೆ ದಡದಲ್ಲಿ ಹೊಸ ಊರಿಗೆ ನಕ್ಷೆ ಸಿದ್ಧವಾಯಿತು. ನೇರ ಬೀದಿಗಳು, ಚೌಕಗಳು, ಗಾಳಿ ಬೆಳಕಿನ ಮನೆಗಳು. ಉಳ್ಳವರು ಒಬ್ಬೊಬ್ಬರಾಗಿ ಅತ್ತ ದಾಟಿದರು. ಹಳೆಯ ಊರು ಬಡವರ ಪಾಲಾಯಿತು, ಎಷ್ಟೋ ಮನೆ ಪಾಳುಬಿದ್ದವು. ಪಾಳುಮನೆಗೆ ದೆವ್ವ ಸೇರಿಕೊಳ್ಳುತ್ತದೆ ಎಂಬುದು ನಮ್ಮ ಹಳ್ಳಿಗಳ ಕಡೆಯ ತಿಳಿವಳಿಕೆ. ಎಡಿನ್‌ಬರೋದಲ್ಲಿ ಅರ್ಧ ಊರೇ ಹಾಗಾಯಿತು.

ಈ ಸಂದಿಗಳಲ್ಲಿ ಹೆಸರಾದದ್ದು ಮೇರಿ ಕಿಂಗ್ಸ್ ಕ್ಲೋಸ್. ಮೇರಿ ಕಿಂಗ್ 1630ರ ದಶಕದಲ್ಲಿ ಅಲ್ಲಿದ್ದ ಒಬ್ಬ ವಿಧವೆ, ಬಟ್ಟೆ ವ್ಯಾಪಾರ ಮಾಡಿ ಬಾಳಿದವಳು. 1753ರಲ್ಲಿ ವ್ಯಾಪಾರಿಗಳಿಗಾಗಿ ರಾಯಲ್ ಎಕ್ಸ್‌ಚೇಂಜ್ ಕಟ್ಟಡಕ್ಕೆ ಕೈಹಾಕಿದಾಗ ಈ ಸಂದಿಯ ಮನೆಗಳ ಮೇಲಂತಸ್ತುಗಳನ್ನು ಕೆಡವಿ, ಕೆಳಗಿನವನ್ನು ಹಾಗೇ ಅಡಿಪಾಯವಾಗಿ ಉಳಿಸಿಕೊಂಡರು. ಬೀದಿ, ಬಾಗಿಲು, ಒಲೆಯ ಗೂಡು ಎಲ್ಲ ಇದ್ದಂತೇ ನೆಲದಡಿಗೆ ಹೋದವು. ಆ ಎಕ್ಸ್‌ಚೇಂಜ್ ಇವತ್ತು ನಗರಸಭೆಯ ಕಚೇರಿ. ಮೇಲೆ ಕೌನ್ಸಿಲರುಗಳು, ಕೆಳಗೆ ದೆವ್ವಗಳು. 2003ರಿಂದ ಕೆಳಗಿನದಕ್ಕೆ ಟಿಕೆಟ್ ಇದೆ.

ಬಹುಕಾಲ ಹೇಳಿಕೊಂಡು ಬಂದ ಕಥೆ ಹೀಗಿದೆ. 1645ರಲ್ಲಿ ಪ್ಲೇಗ್ ಬಂದಾಗ ಈ ಸಂದಿಯ ಎರಡೂ ತುದಿಗೆ ಗೋಡೆ ಎಬ್ಬಿಸಿ, ಒಳಗಿದ್ದವರನ್ನು ಜೀವಂತ ಸಮಾಧಿ ಮಾಡಿದರು; ಅವರ ಗೋಳು ಈಗಲೂ ಕೇಳುತ್ತದೆ. ಇದು ಸುಳ್ಳು. ರೋಗ ತಗುಲಿದವರನ್ನು ಊರಾಚೆಯ ಬಯಲಿನಲ್ಲಿ ಗುಡಿಸಲು ಹಾಕಿ ಇರಿಸಿದರು, ಮನೆಯಲ್ಲೇ ಉಳಿದವರಿಗೆ ಹೊರಗಿನಿಂದ ರೊಟ್ಟಿ, ಏಲ್, ಕಲ್ಲಿದ್ದಲು ಒದಗಿಸಿದರು. ಹಳೆ ಮೈಸೂರಿನ ಹಿರಿಯರಿಗೆ ಇದು ಕೇಳಿದ ಮಾತಿನಂತೆಯೇ ಇರುತ್ತದೆ. ಪ್ಲೇಗು ಮಾರಿ ಬಂತೆಂದರೆ ಊರಿಗೆ ಊರೇ ಎದ್ದು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತು. 1898ರ ಪ್ಲೇಗು ಬೆಂಗಳೂರಿಗೆ ಮಲ್ಲೇಶ್ವರ, ಬಸವನಗುಡಿಗಳನ್ನು ಬೆಳೆಸಿಕೊಟ್ಟಿತು. ಜೊತೆಗೆ ಪ್ಲೇಗಮ್ಮನ ಗುಡಿಗಳನ್ನೂ ಕೊಟ್ಟಿತು. ನಾವು ರೋಗವನ್ನೇ ಅಮ್ಮನನ್ನಾಗಿ ಮಾಡಿ ತಂಪು ಎರೆದು ಕಳಿಸಿದೆವು. ಅವರು ಸತ್ತವರನ್ನು ದೆವ್ವ ಮಾಡಿಕೊಂಡರು.

ಆ ಸಂದಿಯ ನಿಜವಾದ ಕಥೆ ಒಬ್ಬ ವೈದ್ಯನದು. ನಗರಸಭೆ ನೇಮಿಸಿದ ಮೊದಲ ಪ್ಲೇಗ್ ವೈದ್ಯ ಪ್ಲೇಗಿಗೇ ತುತ್ತಾದ. ಆ ಜಾಗಕ್ಕೆ ಜಾರ್ಜ್ ರೇ ಎಂಬಾತನನ್ನು ಸಂಬಳ ಏರಿಸಿ ತಂದರು. ಕೊಕ್ಕಿನಂಥ ಮುಖವಾಡ, ಅಡಿಯಿಂದ ಮುಡಿಯವರೆಗೆ ದಪ್ಪ ಚರ್ಮದ ನಿಲುವಂಗಿ ತೊಟ್ಟು ಅವನು ಮನೆಮನೆ ಹೊಕ್ಕು ಗಂಟುಗಳನ್ನು ಕೊಯ್ದು, ಕಾದ ಕಬ್ಬಿಣದಿಂದ ಬರೆ ಹಾಕುತ್ತಿದ್ದ. ಕೆಟ್ಟ ಗಾಳಿ ತಡೆಯಲೆಂದು ತೊಟ್ಟ ಚರ್ಮ ಬಹುಶಃ ಚಿಗಟಗಳನ್ನು ತಡೆಯಿತು. ಇವನೂ ಹೇಗಿದ್ದರೂ ಸಾಯುತ್ತಾನೆ, ದೊಡ್ಡ ಮೊತ್ತ ಒಪ್ಪಿಕೊಂಡರೇನು ಎಂಬ ಎಣಿಕೆಯಲ್ಲಿ ನಗರಸಭೆ ಇತ್ತೋ ಏನೋ. ರೇ ಸಾಯಲಿಲ್ಲ. ಪ್ಲೇಗು ಹೋಯಿತು, ವೈದ್ಯ ಉಳಿದ, ಸಂಬಳ ಬರಲಿಲ್ಲ. ಬಾಕಿಗಾಗಿ ಅವನು ವರ್ಷಗಟ್ಟಲೆ ಕಚೇರಿಯ ಬಾಗಿಲು ಬಡಿದ. ಆ ಕಟ್ಟಡದ ಸುತ್ತ ಅಲೆಯಲು ಯಾರಿಗಾದರೂ ಹಕ್ಕಿದ್ದರೆ ಅದು ಅವನಿಗೆ.

ಅಲ್ಲಿ ಹೆಚ್ಚು ಜನ ಕೇಳಿಕೊಂಡು ಬರುವುದು ಆನಿ ಎಂಬ ಪುಟ್ಟ ಹುಡುಗಿಯ ದೆವ್ವವನ್ನು. 1992ರಲ್ಲಿ ಜಪಾನಿನಿಂದ ಬಂದ, ಅತೀಂದ್ರಿಯ ಶಕ್ತಿಯವಳೆಂದು ಹೆಸರಾಗಿದ್ದ ಮಹಿಳೆಯೊಬ್ಬಳು ಒಂದು ಕೋಣೆಯೊಳಗೆ ಕಾಲಿಡಲಾರದೆ ನಿಂತಳಂತೆ. ಬೊಂಬೆ ಕಳೆದುಕೊಂಡ ಮಗುವೊಂದು ಅಳುತ್ತಿದೆ ಎಂದಳು. ಮೇಲೆ ಹೋಗಿ ಒಂದು ಬೊಂಬೆ ಕೊಂಡು ತಂದು ಅಲ್ಲಿಟ್ಟಳು. ಅವತ್ತಿನಿಂದ ಬಂದವರೆಲ್ಲ ಬೊಂಬೆ, ಆಟಿಕೆ, ಚಿಲ್ಲರೆ ಕಾಸು ಇಟ್ಟು ಹೋಗುತ್ತಾರೆ. ರಾಶಿ ಬಿದ್ದದ್ದು ಮಕ್ಕಳ ಧರ್ಮಕಾರ್ಯಕ್ಕೆ ಹೋಗುತ್ತದೆ. ಆನಿ ಎಂಬ ಮಗು ಅಲ್ಲಿತ್ತೆಂಬುದಕ್ಕೆ ಕಾಗದದ ಆಧಾರವಿಲ್ಲ. ಆದರೆ ಆ ರಾಶಿ ನೋಡಿದ ಕನ್ನಡಿಗರಿಗೆ ಯಾರೂ ವಿವರಿಸಿ ಹೇಳಬೇಕಿಲ್ಲ. ಅದು ಎಡೆ.

ಈ ಮಾತನ್ನು ಸ್ವಲ್ಪ ಎಳೆಯಬೇಕು. ಮಹಾಲಯ ಅಮಾವಾಸ್ಯೆಗೆ ನಮ್ಮಲ್ಲಿ ಸತ್ತವರಿಗೆ ಅವರಿಗಿಷ್ಟದ ತಿನಿಸು, ಹೊಸ ಪಂಚೆ, ಬೀಡಿಕಟ್ಟು, ಕೆಲವು ಮನೆಗಳಲ್ಲಿ ಒಂದು ಕ್ವಾರ್ಟರ್ ಬಾಟಲಿಯೂ ಎಡೆಯಲ್ಲಿ ಕೂರುತ್ತದೆ. ಕ್ಯಾಥೊಲಿಕ್ ಸ್ಕಾಟ್ಲೆಂಡಿನಲ್ಲೂ ಸತ್ತವರಿಗೆ ಪೂಜೆ, ಪ್ರಾರ್ಥನೆ, ಮೇಣದಬತ್ತಿ ಇತ್ತು. ಸ್ವರ್ಗಕ್ಕೂ ನರಕಕ್ಕೂ ನಡುವೆ ಪಾಪ ತೊಳೆದುಕೊಳ್ಳುವ ಒಂದು ತಂಗುದಾಣವಿದೆ, ಬದುಕಿರುವವರ ಪ್ರಾರ್ಥನೆ ಅಲ್ಲಿಗೆ ತಲುಪುತ್ತದೆ ಎಂಬ ನಂಬಿಕೆಯಿತ್ತು. 1560ರಲ್ಲಿ ದೇಶ ಪ್ರಾಟೆಸ್ಟೆಂಟ್ ಆಯಿತು. ತಂಗುದಾಣ ರದ್ದಾಯಿತು. ಸತ್ತವರಿಗಾಗಿ ಏನು ಮಾಡಿದರೂ ವ್ಯರ್ಥ, ಅವರು ತಿರುಗಿ ಬರುವಂತೆಯೂ ಇಲ್ಲ ಎಂದಾಯಿತು. ಹಾಗಾದರೆ ಕತ್ತಲಲ್ಲಿ ಕಾಣುವುದು ಯಾರು? ಸೈತಾನನೇ ಸತ್ತವರ ವೇಷ ತೊಟ್ಟು ಬರುತ್ತಾನೆ ಎಂದು ದೊರೆ ಆರನೇ ಜೇಮ್ಸ್ 1597ರಲ್ಲಿ ‘ಡೀಮನಾಲಜಿ’ ಎಂಬ ಪುಸ್ತಕವನ್ನೇ ಬರೆದ. ತವರಿಗೆ ಬಂದು ಉಂಡುಹೋಗುವ ಹಿರಿಯರಿಗೂ ಮೈಮೇಲೆ ಬೀಳುವ ಪಿಶಾಚಿಗೂ ಇದ್ದ ಗೆರೆ ಅಲ್ಲಿ ಅಳಿಸಿಹೋಯಿತು. ಎಡೆ ನಿಲ್ಲಿಸಿದ ಊರಿನಲ್ಲಿ ದೆವ್ವ ಹೆಚ್ಚಾದವು ಎಂದು ನಾನು ಹೇಳಿದರೆ ಇತಿಹಾಸಕಾರರು ಒಪ್ಪಲಿಕ್ಕಿಲ್ಲ. ನನಗೆ ಮಾತ್ರ ಹಾಗನಿಸುತ್ತದೆ.

1685ರಲ್ಲಿ ಜಾರ್ಜ್ ಸಿಂಕ್ಲೇರ್ ಎಂಬ ಪ್ರಾಧ್ಯಾಪಕ ದೆವ್ವದ ಪ್ರಸಂಗಗಳ ಸಂಕಲನವೊಂದನ್ನು ಅಚ್ಚು ಹಾಕಿಸಿದ. ಗಣಿತ, ನೀರಿನ ಒತ್ತಡದಂಥ ವಿಷಯಗಳ ಮೇಲೆ ಬರೆದವನು, ಹಾಗಾಗಿ ಜನ ನಂಬಿದರು. ನಾಸ್ತಿಕರ ಬಾಯಿ ಮುಚ್ಚಿಸುವುದು ಅವನ ಉದ್ದೇಶ. ಸೈತಾನ ಇದ್ದಾನೆಂದು ಸಾಬೀತಾದರೆ ದೇವರೂ ಇದ್ದಾನೆ ತಾನೆ. ಮೇರಿ ಕಿಂಗ್ಸ್ ಕ್ಲೋಸಿಗೆ ಹೊಸದಾಗಿ ಬಂದ ಕೋಲ್ಟ್‌ಹಾರ್ಟ್ ಎಂಬ ವಕೀಲ ದಂಪತಿಗಳ ಕಥೆ ಅದರಲ್ಲಿದೆ. ಗಡ್ಡದ ಮುದುಕನ ರುಂಡ ಗಾಳಿಯಲ್ಲಿ ತೇಲಿತು, ಆಮೇಲೆ ಬರೀ ಒಂದು ತೋಳು ಬಂದು ಕೈಕುಲುಕಲು ಚಾಚಿತು. ಕೆಳಗಿನ ಕೊಳೆತ ಕೆರೆಯಿಂದ ಏಳುತ್ತಿದ್ದ ಜೌಗು ಅನಿಲವೇ ಇಂಥ ನೋಟಗಳಿಗೆ ಕಾರಣವಿರಬಹುದು ಎಂದು ಊಹಿಸಿದವರಿದ್ದಾರೆ. ನಮ್ಮ ಗದ್ದೆಬಯಲಿನ ಕೊಳ್ಳಿದೆವ್ವಕ್ಕೂ ಇದೇ ವಿವರಣೆ ಕೊಡುವುದುಂಟು. ಆ ಕೆರೆಯನ್ನು ಬಸಿದು ಈಗ ಉದ್ಯಾನ ಮಾಡಿದ್ದಾರೆ, ತುದಿಯಲ್ಲಿ ರೈಲು ನಿಲ್ದಾಣವಿದೆ.

ದಿಣ್ಣೆ ಹತ್ತಿ ಕೋಟೆಯ ಮುಂದಿನ ಅಂಗಳಕ್ಕೆ ಬಂದರೆ ಗೋಡೆಯಲ್ಲಿ ಒಂದು ಸಣ್ಣ ಕಾರಂಜಿ ಕಾಣುತ್ತದೆ. ಮಾಟಗಾತಿಯರ ಬಾವಿ ಎಂದು ಹೆಸರು. ಮಾಟಗಾತಿಯರೆಂದು ಸುಡಲಾದವರ ನೆನಪಿಗೆ 1894ರಲ್ಲಿ ಪ್ಯಾಟ್ರಿಕ್ ಗೆಡ್ಡಿಸ್ ಮಾಡಿಸಿದ್ದು. ಇದೇ ಗೆಡ್ಡಿಸ್ ಮುಂದೆ ಭಾರತಕ್ಕೆ ಬಂದು ಎಷ್ಟೋ ಊರುಗಳಿಗೆ ನಗರ ಯೋಜನೆ ಬರೆದ, ಮುಂಬೈ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಮೊದಲ ಪ್ರಾಧ್ಯಾಪಕನಾದ. ಸ್ಕಾಟ್ಲೆಂಡಿನ ಮಾಟಮಂತ್ರ ಕಾಯ್ದೆ 1563ರಿಂದ 1736ರವರೆಗೆ ಜಾರಿಯಲ್ಲಿತ್ತು. ಎಡಿನ್‌ಬರೋ ವಿಶ್ವವಿದ್ಯಾಲಯದವರು ದಾಖಲೆ ಜಾಲಾಡಿ ಲೆಕ್ಕ ಹಾಕಿದಾಗ ಆರೋಪಕ್ಕೆ ಗುರಿಯಾದವರು 3,837 ಮಂದಿ ಸಿಕ್ಕಿದರು, ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಹೆಂಗಸರು. ಶಿಕ್ಷೆಯಾದವರನ್ನು ಮೊದಲು ಕತ್ತು ಹಿಸುಕಿ ಆಮೇಲೆ ಸುಡುತ್ತಿದ್ದರು.

ಸುಡುವುದಕ್ಕೂ ಖರ್ಚಿದೆ. ಕೊಲ್ಲಿಯ ಆಚೆ ದಡದ ಕರ್ಕಾಲ್ಡಿ ಊರಿನ 1633ರ ಒಂದು ಬಿಲ್ಲು ಉಳಿದುಕೊಂಡಿದೆ. ಅಲಿಸನ್ ಡಿಕ್ ಮತ್ತು ಅವಳ ಗಂಡ ವಿಲಿಯಂ ಕೋಕ್ ಇಬ್ಬರನ್ನೂ ಸುಟ್ಟ ಬಾಬ್ತು: ಹತ್ತು ಹೇರು ಕಲ್ಲಿದ್ದಲು, ಹಗ್ಗ, ಟಾರು ಪೀಪಾಯಿ, ಉಡಿಸಲು ಒರಟು ಬಟ್ಟೆ, ಅದನ್ನು ಹೊಲಿದವನ ಕೂಲಿ. ಖರ್ಚನ್ನು ಚರ್ಚು ಮತ್ತು ಪುರಸಭೆ ಹಂಚಿಕೊಂಡವು. ಹೊಲಿಗೆಯವನ ಕೂಲಿಯನ್ನು ಓದುವಾಗ ಆದಷ್ಟು ಮೈ ಜುಂ ಎನ್ನುವುದು ಯಾವ ರುಂಡದ ಕಥೆಗೂ ನನಗೆ ಆಗಿಲ್ಲ. 2022ರ ಮಾರ್ಚ್ 8ರಂದು, ಮಹಿಳಾ ದಿನದಂದು, ಆಗಿನ ಫಸ್ಟ್ ಮಿನಿಸ್ಟರ್ ನಿಕೋಲಾ ಸ್ಟರ್ಜನ್ ಸರ್ಕಾರದ ಪರವಾಗಿ ಈ ಎಲ್ಲರ ಕ್ಷಮೆ ಕೇಳಿದರು.

ಈ ಕೋಟೆಯ ಎದುರು ನಿಂತ ಕನ್ನಡಿಗರಿಗೆ ಇನ್ನೊಂದು ಹಳೆಯ ಲೆಕ್ಕವೂ ನೆನಪಾಗಬೇಕು. ಈ ಸೀಮೆಯವನೇ ಆದ ಬ್ರಿಟಿಷ್ ಸೇನಾಧಿಕಾರಿ ಡೇವಿಡ್ ಬೇರ್ಡ್ 1780ರಲ್ಲಿ ಪೊಳ್ಳಿಲೂರಿನಲ್ಲಿ ಹೈದರಾಲಿಯ ಸೈನ್ಯದ ಕೈಗೆ ಸಿಕ್ಕಿ ಮೂರೂವರೆ ವರ್ಷಕ್ಕೂ ಹೆಚ್ಚು ಶ್ರೀರಂಗಪಟ್ಟಣದಲ್ಲಿ ಸೆರೆಯಲ್ಲಿದ್ದ. 1799ರ ಮೇ 4ರಂದು ಅದೇ ಕೋಟೆಗೆ ನುಗ್ಗಿದ ದಂಡಿನ ಮುಂದಾಳು ಅವನೇ. ಅವನು ಸತ್ತ ಮೇಲೆ ವಿಧವೆ ಹಣ ಕೊಟ್ಟು ಡೇವಿಡ್ ವಿಲ್ಕಿಯ ಕೈಯಲ್ಲಿ ಒಂದು ಭಾರಿ ಚಿತ್ರ ಬರೆಸಿದಳು. 1839ರಲ್ಲಿ ಮುಗಿದ ಆ ಚಿತ್ರ ಸ್ಕಾಟ್ಲೆಂಡಿನ ರಾಷ್ಟ್ರೀಯ ಕಲಾಸಂಗ್ರಹದಲ್ಲಿದೆ. ರಾತ್ರಿ, ಕಂದೀಲಿನ ಬೆಳಕು, ಕೆಳಗೆ ಟಿಪ್ಪುವಿನ ದೇಹ, ಮೇಲೆ ನಿಂತ ಬೇರ್ಡ್. ಅವನ ಕಾಲ ಕೆಳಗೆ ನೆಲಮಾಳಿಗೆಯ ಕಬ್ಬಿಣದ ಸರಳುಗಳನ್ನು ವಿಲ್ಕಿ ಮರೆಯದೆ ಬರೆದಿದ್ದಾನೆ. ಎಡಿನ್‌ಬರೋದ ಯಾವ ದೆವ್ವದ ನಡಿಗೆಗಿಂತಲೂ ಈ ಚಿತ್ರದ ಬೆಳಕಿಗೆ ಹೆಚ್ಚು ಶಕ್ತಿಯಿದೆ. ಟಿಪ್ಪುವಿಗೆ ಗುಂಬಜಿದೆ, ವರ್ಷಕ್ಕೊಮ್ಮೆ ಉರುಸಿದೆ. ಅವತ್ತು ಆ ಗೋಡೆಗಳ ನಡುವೆ ಸತ್ತ ಸಾವಿರಾರು ಸಿಪಾಯಿಗಳಿಗೆ ಅಂಥದ್ದೇನೂ ಇಲ್ಲ. ಆದರೂ ಸಂಜೆ ಐದಕ್ಕೆ ಬಸ್ಸು ಹತ್ತುವ ನಮ್ಮ ಪ್ರವಾಸಿಗರು ಅಲ್ಲಿ ದೆವ್ವ ಕೇಳುವುದಿಲ್ಲ, ಕಬ್ಬಿನ ಹಾಲು ಕೇಳುತ್ತಾರೆ.

ಕೆಳಗಿಳಿದು ಗ್ರಾಸ್‌ಮಾರ್ಕೆಟ್ಟಿಗೆ ಬಂದರೆ ಗಲ್ಲುಗಂಬವಿದ್ದ ಜಾಗ. ಇಲ್ಲಿ ನನಗಿಷ್ಟವಾದ ‘ದೆವ್ವ’ ಒಂದಿದೆ, ಅದು ದೆವ್ವವೇ ಅಲ್ಲ. ಬಸಿರನ್ನು ಮುಚ್ಚಿಟ್ಟಳೆಂಬ ಅಪರಾಧಕ್ಕೆ 1724ರಲ್ಲಿ ಮ್ಯಾಗಿ ಡಿಕ್ಸನ್ ಎಂಬ ಹೆಂಗಸನ್ನು ಗಲ್ಲಿಗೇರಿಸಿದರು. ಸತ್ತಳೆಂದು ವೈದ್ಯ ಹೇಳಿದ ಮೇಲೆ ಮನೆಯವರು ಪೆಟ್ಟಿಗೆಯನ್ನು ಗಾಡಿಗೇರಿಸಿ ಊರಿನ ಕಡೆ ಹೊರಟರು. ದಾರಿಯಲ್ಲಿ ಗಂಟಲು ಒಣಗಿ ಹೆಂಡದಂಗಡಿಗೆ ನಿಂತಾಗ ಪೆಟ್ಟಿಗೆಯೊಳಗಿನಿಂದ ಸದ್ದು! ಮ್ಯಾಗಿ ಎದ್ದು ಕೂತಳು. ಶಿಕ್ಷೆ ಜಾರಿಯಾಗಿದೆ, ಎರಡನೇ ಸಲ ನೇಣು ಹಾಕುವಂತಿಲ್ಲ ಎಂದು ಕಾನೂನು ಕೈಚೆಲ್ಲಿತು. ಅರೆನೇಣಿನ ಮ್ಯಾಗಿ ಎಂಬ ಅಡ್ಡಹೆಸರು ಹೊತ್ತು ಅವಳು ದಶಕಗಟ್ಟಲೆ ಬಾಳಿದಳು. ಈಗ ಅವಳ ಹೆಸರಿನ ಪಬ್ ಅಲ್ಲೇ ಇದೆ.

ಇನ್ನು ಸೌತ್ ಬ್ರಿಜ್. ನಡೆಯುವವರಿಗೆ ಅದು ಸೇತುವೆ ಎಂದೇ ಗೊತ್ತಾಗುವುದಿಲ್ಲ, ಎರಡೂ ಕಡೆ ಅಂಗಡಿ ಸಾಲು. 1788ರಲ್ಲಿ ತೆರೆದ ಈ ಸೇತುವೆಗೆ 19 ಕಮಾನುಗಳಿವೆ, ಹೊರಗೆ ಕಾಣುವುದು ಒಂದೇ. ಉಳಿದವುಗಳಿಗೆ ಕಟ್ಟಡಗಳು ಅಂಟಿಕೊಂಡಿವೆ. ಕಮಾನುಗಳ ಹೊಟ್ಟೆಯೊಳಗೆ ಅಂತಸ್ತು ಹಾಕಿ ನೂರಕ್ಕೂ ಹೆಚ್ಚು ಕೋಣೆಗಳನ್ನು ಮಾಡಿದರು. ಐತಿಹ್ಯ ಹೇಳುವುದು ಹೀಗೆ: ಮೊದಲು ಸೇತುವೆ ದಾಟುವ ಗೌರವವನ್ನು ಒಬ್ಬ ನ್ಯಾಯಾಧೀಶರ ಮುದಿ ಹೆಂಡತಿಗೆ ಕೊಟ್ಟಿದ್ದರು. ತೆರೆಯುವ ಮುಂಚೆ ಆಕೆ ತೀರಿಕೊಂಡಳು. ಕೊಟ್ಟ ಮಾತು ತಪ್ಪಬಾರದೆಂದು ಆಕೆಯ ಹೆಣದ ಪೆಟ್ಟಿಗೆಯನ್ನೇ ಮೊದಲು ದಾಟಿಸಿದರು. ಅವತ್ತಿನಿಂದ ಸೇತುವೆಗೆ ಶಾಪ.

ಶಾಪ ಇದ್ದದ್ದು ಗಾರೆಯಲ್ಲಿ. ಸೇತುವೆಯ ಮೇಲ್ಮೈಗೆ ನೀರು ಇಳಿಯದಂತೆ ಸರಿಯಾದ ಹೊದಿಕೆ ಹಾಕಿರಲಿಲ್ಲ. ಮೊದಲು ಅಲ್ಲಿ ಚಮ್ಮಾರರು, ಹೆಂಡದಂಗಡಿಯವರು, ಸರಕು ದಾಸ್ತಾನು ಮಾಡುವ ವ್ಯಾಪಾರಿಗಳು ಇದ್ದರು. ಮಳೆ ನೀರು, ಮೇಲಿನ ಚರಂಡಿ ನೀರು ಸೋರಿ ಸರಕು ಕೊಳೆಯತೊಡಗಿತು. ಕೆಲವೇ ವರ್ಷಗಳಲ್ಲಿ ಅವರು ಜಾಗ ಖಾಲಿ ಮಾಡಿದರು. ಸರಕಿಗೆ ಲಾಯಕ್ಕಿಲ್ಲದ ಕೋಣೆಗೆ ಮನುಷ್ಯರು ಬಂದರು; ಗಾಳಿಯಿಲ್ಲದ, ಬೆಳಕಿಲ್ಲದ ಆ ಗೂಡುಗಳಲ್ಲಿ ಬಡವರು ಸಂಸಾರ ಹೂಡಿದರು. ಕೊನೆಗೆ ಕಲ್ಲುಮಣ್ಣು ತುಂಬಿ ಮುಚ್ಚಿದರು, ಊರು ಮರೆತೇಬಿಟ್ಟಿತು. 1980ರ ದಶಕದಲ್ಲಿ ಸ್ಕಾಟ್ಲೆಂಡ್ ತಂಡದ ಮಾಜಿ ರಗ್ಬಿ ಆಟಗಾರ ನಾರಿ ರೋವನ್ ಅಲ್ಲಿಗೆ ಹೋಗುವ ಒಂದು ಸುರಂಗವನ್ನು ಕಂಡುಹಿಡಿದ. 1989ರಲ್ಲಿ ರುಮೇನಿಯಾದ ಆಟಗಾರನೊಬ್ಬನನ್ನು ಅವನ ದೇಶದ ಗುಪ್ತಚರರ ಕಣ್ಣು ತಪ್ಪಿಸಿ ಪಾರು ಮಾಡಲು ಇದೇ ಸುರಂಗ ನೆರವಾಯಿತು. ಆಮೇಲೆ ಕಲ್ಲುಮಣ್ಣು ತೆಗೆದಾಗ ಕಪ್ಪೆಚಿಪ್ಪು, ಆಟಿಕೆ, ಮುರಿದ ಪಿಂಗಾಣಿ ಸಿಕ್ಕವು. ಸಂಸಾರ ಮಾಡಿದ್ದರ ಗುರುತು.

ಈ ಕೋಣೆಗಳಲ್ಲಿ ವಿಜ್ಞಾನವೂ ಒಂದು ಕಾಲಿಟ್ಟಿದೆ. 2001ರಲ್ಲಿ ಮನಶ್ಶಾಸ್ತ್ರಜ್ಞ ರಿಚರ್ಡ್ ವೈಸ್‌ಮನ್ ಇನ್ನೂರಕ್ಕೂ ಹೆಚ್ಚು ಸ್ವಯಂಸೇವಕರನ್ನು ಕರೆತಂದು, ಹತ್ತು ಕೋಣೆಗಳಲ್ಲಿ ಒಬ್ಬೊಬ್ಬರನ್ನೇ ಸ್ವಲ್ಪ ಹೊತ್ತು ಕೂರಿಸಿದ. ಯಾವ ಕೋಣೆಗೆ ದೆವ್ವದ ಹೆಸರಿದೆ ಎಂದು ಅವರಿಗೆ ಹೇಳಿರಲಿಲ್ಲ. ಆದರೂ ಹೆಸರಾದ ಕೋಣೆಗಳಲ್ಲೇ ಹೆಚ್ಚು ಜನಕ್ಕೆ ಚಳಿ ಹತ್ತಿತು, ಯಾರೋ ನೋಡುತ್ತಿರುವಂತಾಯಿತು. ಅಂದರೆ ದೆವ್ವ ಇದೆ ಎಂದಾಯಿತೆ? ವೈಸ್‌ಮನ್ ಕೋಣೆಗಳ ಅಳತೆ, ಎತ್ತರ, ಬೆಳಕು ಎಲ್ಲ ತೆಗೆದು ತಾಳೆ ನೋಡಿದ. ಜನರ ಅನುಭವ ಕೋಣೆಯ ಆಕಾರಕ್ಕೂ ಬೆಳಕಿಗೂ ಹೊಂದಿಕೊಂಡು ಏರಿಳಿಯುತ್ತಿತ್ತು. ಕೆಲವು ಜಾಗಗಳು ಯಾರನ್ನಾದರೂ ಹೆದರಿಸುತ್ತವೆ; ಹೆದರಿದವರು ತಲೆತಲಾಂತರ ಅಲ್ಲೇ ಹೆದರುತ್ತಾರೆ; ಹಾಗಾಗಿ ಅದಕ್ಕೆ ಹೆಸರು ಬರುತ್ತದೆ. ಊರ ಹೊರಗಿನ ಅದೇ ಹುಣಸೆಮರದ ತಿರುವಿನಲ್ಲಿ ಮೂರು ತಲೆಮಾರಿಗೂ ‘ಗಾಳಿ’ ಸೋಕಿದ್ದು ಯಾಕೆಂದು ನಮ್ಮಜ್ಜಿಗೂ ಗೊತ್ತಿತ್ತು ಅನಿಸುತ್ತದೆ. ‘ಆ ಜಾಗವೇ ಸರಿಯಿಲ್ಲ ಮಗ’ ಎಂದಷ್ಟೇ ಅವಳು ಹೇಳುತ್ತಿದ್ದಳು.

ಕವೆಂಟ್ರಿಯ ಎಂಜಿನಿಯರ್ ವಿಕ್ ಟ್ಯಾಂಡಿಯ ಅನುಭವ ಇನ್ನೂ ಸೊಗಸು. ಒಂದು ರಾತ್ರಿ ಪ್ರಯೋಗಾಲಯದಲ್ಲಿ ಒಬ್ಬನೇ ಕೂತಿದ್ದಾಗ ಮೈ ಬೆವರಿ, ಕಣ್ಣಂಚಿನಲ್ಲಿ ಬೂದುಬಣ್ಣದ ಆಕೃತಿ ಕಂಡಿತು. ತಿರುಗಿದರೆ ಮಾಯ. ಮಾರನೇ ದಿನ ಕತ್ತಿವರಸೆಯ ತನ್ನ ಕತ್ತಿಯನ್ನು ರಿಪೇರಿಗೆಂದು ಇಕ್ಕುಳಕ್ಕೆ ಸಿಕ್ಕಿಸಿಟ್ಟಿದ್ದ. ಅದರ ಅಲಗು ತಾನೇ ತಾನಾಗಿ ನಡುಗತೊಡಗಿತು. ಕಾರಣ ಹುಡುಕಿದರೆ ಹೊಸದಾಗಿ ಕೂರಿಸಿದ ಗಾಳಿಪಂಖ. ಸೆಕೆಂಡಿಗೆ ಸುಮಾರು 19 ಸಲ ಕಂಪಿಸುವ, ಕಿವಿಗೆ ಕೇಳದ ಸದ್ದನ್ನು ಅದು ಹೊರಡಿಸುತ್ತಿತ್ತು. ಆ ಕಂಪನಕ್ಕೆ ಕಣ್ಣುಗುಡ್ಡೆಯೂ ನಡುಗಿ ಆಕೃತಿ ಕಂಡಿರಬೇಕು ಎಂದು 1998ರಲ್ಲಿ ಅವನು ಪ್ರಬಂಧ ಬರೆದ. ಎಲ್ಲ ದೆವ್ವಕ್ಕೂ ಇದೇ ಮದ್ದಲ್ಲ, ಒಪ್ಪದ ಸಂಶೋಧಕರೂ ಇದ್ದಾರೆ. ಫ್ಯಾನ್ ಆರಿಸಿದ್ದೇ ದೆವ್ವ ಹೋದದ್ದಂತೂ ನಿಜ.

ಸೌತ್ ಬ್ರಿಜ್ಜಿನ ಈ ನೆಲಮಾಳಿಗೆಗಳಲ್ಲಿ ಬರ್ಕ್ ಮತ್ತು ಹೇರ್ ಎಂಬ ಕೊಲೆಗಾರರು ಹೆಣ ಬಚ್ಚಿಡುತ್ತಿದ್ದರು ಎಂದು ಕೆಲವು ಗೈಡುಗಳು ಸೇರಿಸುತ್ತಾರೆ. ಅದಕ್ಕೆ ಆಧಾರವಿಲ್ಲ. ಅವರು ಗೋರಿ ಅಗೆದ ಕಳ್ಳರೂ ಅಲ್ಲ. ಊರಿನ ವೈದ್ಯಕೀಯ ಶಾಲೆಗಳಿಗೆ ಕೊಯ್ದು ಕಲಿಯಲು ಹೆಣ ಬೇಕಿತ್ತು, ಕಾನೂನಿನಂತೆ ಸಿಗುತ್ತಿದ್ದದ್ದು ಬೆರಳೆಣಿಕೆಯಷ್ಟು. ಹೇರ್ ನಡೆಸುತ್ತಿದ್ದ ಲಾಡ್ಜಿನಲ್ಲಿ ಒಬ್ಬ ಮುದುಕ ನಾಲ್ಕು ಪೌಂಡ್ ಬಾಡಿಗೆ ಬಾಕಿ ಉಳಿಸಿಕೊಂಡು ಕಾಯಿಲೆಯಿಂದ ಸತ್ತ. ಬಾಕಿ ವಸೂಲಿಗೆ ಅವನ ಹೆಣವನ್ನು ಡಾಕ್ಟರ್ ರಾಬರ್ಟ್ ನಾಕ್ಸ್‌ಗೆ ಮಾರಿದರು. ಸಿಕ್ಕಿದ್ದು ಏಳು ಪೌಂಡ್ ಹತ್ತು ಶಿಲ್ಲಿಂಗ್. ಸಾಯುವವರೆಗೆ ಕಾಯುವುದೇಕೆ ಎಂಬ ಯೋಚನೆ ಆಮೇಲೆ ಬಂತು. 1828ರ ಹತ್ತು ತಿಂಗಳಲ್ಲಿ 16 ಕೊಲೆ. ಚಳಿಗಾಲದಲ್ಲಿ ಹೆಣಕ್ಕೆ ಹತ್ತು ಪೌಂಡ್, ಬೇಸಿಗೆಯಲ್ಲಿ ಎಂಟು. ಬೇಸಿಗೆಯಲ್ಲಿ ಮಾಲು ಬೇಗ ಕೆಡುತ್ತದಲ್ಲ. ಸಿಕ್ಕಿಬಿದ್ದ ಮೇಲೆ ಹೇರ್ ಸರ್ಕಾರಿ ಸಾಕ್ಷಿಯಾಗಿ ತಪ್ಪಿಸಿಕೊಂಡ. ಬರ್ಕ್‌ನನ್ನು 1829ರ ಜನವರಿಯಲ್ಲಿ ನೇಣು ಹಾಕಿ, ಅವನನ್ನೇ ಕೊಯ್ದು ಪಾಠ ಮಾಡಿದರು. ಅಸ್ಥಿಪಂಜರ ವಿಶ್ವವಿದ್ಯಾಲಯದಲ್ಲಿದೆ, ಅವನ ಚರ್ಮದ ರಟ್ಟು ಹಾಕಿದ ಒಂದು ಕಿರುಪುಸ್ತಕ ಸರ್ಜನ್ಸ್ ಹಾಲ್ ಮ್ಯೂಸಿಯಮ್ಮಿನಲ್ಲಿದೆ. ಹೆಣ ಕೊಂಡ ನಾಕ್ಸ್ ಮೇಲೆ ಮೊಕದ್ದಮೆಯೇ ಆಗಲಿಲ್ಲ. ವಾರಸುದಾರರಿಲ್ಲದ ಬಡವರ ಹೆಣವನ್ನು ಕಾನೂನಿನಂತೆಯೇ ಶಾಲೆಗಳಿಗೆ ಕೊಡಬಹುದೆಂದು 1832ರಲ್ಲಿ ಕಾಯ್ದೆ ಬಂತು.

ಕೊನೆಗೆ ಗ್ರೇಫ್ರೈಯರ್ಸ್ ಸ್ಮಶಾನ. ಗೇಟಿನ ಹೊರಗೆ ಬಾಬಿ ಎಂಬ ನಾಯಿಯ ಪ್ರತಿಮೆ. ಒಡೆಯನ ಗೋರಿಯ ಬಳಿ 14 ವರ್ಷ ಕಾದಿತೆಂಬ ಖ್ಯಾತಿ. ಮೂಗು ಸವರಿದರೆ ಅದೃಷ್ಟ ಎಂದು ಯಾರೋ ಹಬ್ಬಿಸಿ, ಪ್ರವಾಸಿಗರು ಆ ಮೂಗನ್ನು ಸವೆಸಿಬಿಟ್ಟಿದ್ದಾರೆ. ಒಳಗೆ ಕೆಲವು ಗೋರಿಗಳ ಮೇಲೆ ಕಬ್ಬಿಣದ ಪಂಜರಗಳಿವೆ. ಸತ್ತವರು ಏಳದಿರಲೆಂದು ಹಾಕಿದ್ದಲ್ಲ, ಹೆಣಗಳ್ಳರು ಒಯ್ಯದಿರಲೆಂದು.

1679ರಲ್ಲಿ ಬಾತ್‌ವೆಲ್ ಬ್ರಿಜ್ ಕದನದಲ್ಲಿ ಸೋತ ಕವೆನೆಂಟರ್ ಪಂಥದ ನೂರಾರು ಕೈದಿಗಳನ್ನು ಈ ಸ್ಮಶಾನಕ್ಕೆ ಅಂಟಿದ ಬಯಲಿನಲ್ಲಿ ತಿಂಗಳುಗಟ್ಟಲೆ ಕೂಡಿಹಾಕಿದರು. ರಾಜ ಚರ್ಚಿನ ಮುಖ್ಯಸ್ಥನಲ್ಲ ಎಂದದ್ದು ಅವರ ಅಪರಾಧ. ತಲೆ ಮೇಲೆ ಸೂರಿಲ್ಲ, ದಿನಕ್ಕಿಷ್ಟು ರೊಟ್ಟಿ. ಕೆಲವರು ಸತ್ತರು, ಕೆಲವರು ತಪ್ಪೊಪ್ಪಿ ಹೊರಬಂದರು. ಉಳಿದ ಇನ್ನೂರೈವತ್ತಕ್ಕೂ ಹೆಚ್ಚು ಮಂದಿಯನ್ನು ಅಮೆರಿಕದ ವಸಾಹತುಗಳಲ್ಲಿ ದುಡಿಸಲೆಂದು ಹಡಗಿಗೆ ತುಂಬಿದರು. ಆರ್ಕ್ನಿ ದ್ವೀಪಗಳ ಬಳಿ ಹಡಗು ಒಡೆಯಿತು. ಕೈದಿಗಳಿದ್ದ ತಳದ ಬಾಗಿಲನ್ನು ಮುಚ್ಚಿಯೇ ಇಟ್ಟಿದ್ದರು, ಇನ್ನೂರರಷ್ಟು ಜನ ಮುಳುಗಿದರು.

ಇವರ ಮೇಲೆ ಮೊಕದ್ದಮೆ ನಡೆಸಿದ ಸರ್ಕಾರಿ ವಕೀಲ ಸರ್ ಜಾರ್ಜ್ ಮೆಕೆಂಝಿ. ‘ರಕ್ತಪಿಪಾಸು ಮೆಕೆಂಝಿ’ ಎಂದು ಜನ ಕರೆದರು. 1691ರಲ್ಲಿ ಸತ್ತಾಗ ಅವನನ್ನು ಹೂಳಿದ್ದು ಇದೇ ಸ್ಮಶಾನದ ಗುಮ್ಮಟದ ಗೋರಿಯಲ್ಲಿ. ಬಾಗಿಲು ಬಡಿದು ಓಡಿಹೋಗುವ ಪಂತ ಆ ಊರಿನ ಹುಡುಗರಿಗೆ ಹಳೆಯದು. 1998ರ ಡಿಸೆಂಬರಿನಲ್ಲಿ ಮನೆಯಿಲ್ಲದ ಒಬ್ಬಾತ ಚಳಿಗೆ ಆಸರೆ ಹುಡುಕುತ್ತ ಅದರೊಳಗೆ ಹೊಕ್ಕ. ನೆಲ ಕುಸಿದು ಎಲುಬುಗಳ ಮೇಲೆ ಬಿದ್ದು ಅರಚುತ್ತ ಹೊರಗೋಡಿದ. ಅಲ್ಲಿಂದ ಮೆಕೆಂಝಿ ಎದ್ದನೆಂದು ಪ್ರತೀತಿ. ಪರಚಿದ ಗಾಯ, ತಲೆಸುತ್ತು, ಮೂರ್ಛೆಯ ವರದಿಗಳು ಶುರುವಾದವು. ನಗರಸಭೆ ಕವೆನೆಂಟರ್ ಸೆರೆಯ ಭಾಗಕ್ಕೆ ಬೀಗ ಹಾಕಿತು. 1999ರಲ್ಲಿ ಲೇಖಕನೊಬ್ಬ ನಗರಸಭೆಯನ್ನು ಒಪ್ಪಿಸಿ ಬೀಗ ತೆಗೆಸಿ, ಗೈಡು ಜೊತೆಗಿದ್ದರೆ ರಾತ್ರಿ ಒಳಗೆ ಬಿಡುವ ವ್ಯವಸ್ಥೆ ಮಾಡಿದ. ತಮಾಷೆಯೆಂದರೆ ನಡಿಗೆ ಮುಗಿಯುವುದು ಮೆಕೆಂಝಿಯ ಗೋರಿಯಲ್ಲಲ್ಲ, ಸೆರೆಯ ಬೇಲಿಯೊಳಗಿನ ಬೇರೆ ಯಾರದೋ ಗೋರಿಮನೆಯಲ್ಲಿ. ದೆವ್ವ ಅಲ್ಲಿಗೆ ಬಿಡಾರ ಬದಲಿಸಿದೆಯಂತೆ. ಇಕ್ಕಟ್ಟಿನ ಕಲ್ಲುಗೂಡು, ಒತ್ತಿ ನಿಂತ ಜನ, ಒಂದೂವರೆ ಗಂಟೆಯ ಕಥೆ. ಮೂರ್ಛೆ ಬರಲು ಮೆಕೆಂಝಿಯೇ ಬೇಕೆಂದಿಲ್ಲ.

ಹಡಗಿನ ತಳದಲ್ಲಿ ಮುಳುಗಿದವರು ಯಾರೂ ಅಲ್ಲಿ ದೆವ್ವವಾಗಿಲ್ಲ, ಗಮನಿಸಿ. ಸತ್ತ ಮೇಲೂ ಜಾಗ ಹಿಡಿದು ನಿಂತವನು ವಕೀಲನೇ.

ಇದೇ ಮೆಕೆಂಝಿಯ ಇನ್ನೊಂದು ಮುಖವನ್ನು ಕತ್ತಲಲ್ಲಿ ತೋರಿಸಲಾಗುವುದಿಲ್ಲ. ಮಾಟಗಾತಿಯರೆಂದು ಹಿಡಿದು ತಂದ ಬಡ ಹೆಂಗಸರ ತಪ್ಪೊಪ್ಪಿಗೆಗಳು ಹಿಂಸೆಯಿಂದ ಬರಿಸಿದವು, ಅವನ್ನು ನಂಬಲಾಗದು ಎಂಬ ಅರ್ಥದಲ್ಲಿ ತನ್ನ ಕಾನೂನು ಗ್ರಂಥದಲ್ಲಿ ಬರೆದವನು ಅವನು. ವಕೀಲರಿಗಾಗಿ ಒಂದು ಗ್ರಂಥಾಲಯ ಬೇಕೆಂದು ಹಟ ಹಿಡಿದು 1689ರಲ್ಲಿ ಅದನ್ನು ತೆರೆಸಿದವನೂ ಅವನೇ. 1925ರಲ್ಲಿ ಆ ಪುಸ್ತಕ ರಾಶಿಯೇ ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯವಾಯಿತು.

ಎಡಿನ್‌ಬರೋಗೆ ಹೋಗುವವರು ರಾತ್ರಿಯ ನಡಿಗೆಗೆ ಹೋಗಲಿ, ಬೇಡವೆನ್ನುವುದಿಲ್ಲ. ಒಳ್ಳೆಯ ಬೂಟು ಇರಲಿ, ಸಂದಿಗಳ ಕಲ್ಲು ಜಾರುತ್ತದೆ. ಮಾರನೇ ದಿನ ಬೆಳಗ್ಗೆ ಇನ್ನೊಮ್ಮೆ ಸ್ಮಶಾನಕ್ಕೆ ಬಂದು, ಮೆಕೆಂಝಿಯ ಗುಮ್ಮಟವನ್ನು ಬಿಸಿಲಿನಲ್ಲಿ ನೋಡಿ, ನಾಯಿಯ ಮೂಗು ಮುಟ್ಟದೆ ಮುಂದೆ ನಡೆದರೆ ನಾಲ್ಕನೇ ಜಾರ್ಜ್ ಸೇತುವೆಯ ಮೇಲೆ ಮೂರೇ ನಿಮಿಷದಲ್ಲಿ ಅವನ ಆ ಇನ್ನೊಂದು ಮನೆ ಸಿಗುತ್ತದೆ. ಅಲ್ಲಿಗೆ ಟಿಕೆಟ್ ಇಲ್ಲ.